ರಿವರ್ಸ್ ಗೇರಿನಲ್ಲಿ ಖಂಡಾಳಾ

ಮುಂಬಯಿಯಿಂದ ಖಂಡಾಳಾ ಘಾಟು ಹತ್ತಿದವರು ಲಕ್ಷಗಟ್ಟಲೆ ಇದ್ದಾರೆ. ಅವರೆಲ್ಲ ಮುಖ ಮುಂದೆ ಮಾಡಿಕೊಂಡು ಹತ್ತಿದವರು. ನನ್ನ ಸೋದರಮಾವ ಮಾತ್ರ ಬೆನ್ನು ಮುಂದೆ ಮಾಡಿಕೊಂಡು ಹತ್ತಿದವರು! ನೀವು ನಂಬುವುದಿಲ್ಲ, ಗೊತ್ತು. ನಾನೂ ನಂಬುತ್ತಿರಲಿಲ್ಲ. ಆದರೇನು ಮಾಡಲಿ, ಅವತ್ತು ಆ ಕಾರಿನ ಮುಂದೆ, ಅಲ್ಲ ಹಿಂದೆ, ಅಯ್ಯೋ, ಯಾವುದನ್ನು ಮುಂದೆ ಅನ್ನಬೇಕೋ ಯಾವುದನ್ನು ಹಿಂದೆ ಅನ್ನಬೇಕೋ! ಅಂತೂ ಕೆಂಪು ಟವೆಲ್ಲು ಬೀಸುತ್ತ ಒಂದೂವರೆ ಮೈಲಿ ಏರು ನಡೆದ ಪುಣ್ಯಾತ್ಮ ನಾನೇ. ಇವತ್ತಿಗೂ ಯಾರ ಮನೆಯ ಹಗ್ಗದ ಮೇಲೆ ಕೆಂಪು ಟವೆಲ್ಲು ಕಂಡರೂ ನನ್ನ ಮೀನಖಂಡ ಹಿಡಿದುಕೊಳ್ಳುತ್ತದೆ.

ಅರವತ್ತರ ದಶಕದ ಕೊನೆಯಲ್ಲಿ ಗದಗಿನಿಂದ ನೌಕರಿ ಹುಡುಕಿಕೊಂಡು ಬಂದ ನಾನು ಚೆಂಬೂರಿನ ಕಾಲೋನಿಯೊಂದರಲ್ಲಿದ್ದ ಮಾವನ ಮನೆಯಲ್ಲಿ ಇಳಿದೆ. ಎರಡು ಖೋಲಿ, ಒಂದು ಗ್ಯಾಲರಿ. ಮಾವ ಹತ್ತಿರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಮಕ್ಕಳಿರಲಿಲ್ಲ. ಅತ್ತೆ, ಮಾವ, ಈಗ ನಾನು. ವಿ.ಟಿ. ಹತ್ತಿರದ ಫೋರ್ಟಿನಲ್ಲಿ ಒಂದು ಕಾರಕೂನಿಕೆ ಸಿಕ್ಕಿತು. ಮೊದಲ ದಿನ ಮಾವನೇ ನನ್ನನ್ನು ಸ್ಟೇಶನ್ನಿಗೆ ಕರೆದುಕೊಂಡು ಹೋದರು. ವಿ.ಟಿ.ಗೆ ಹೋಗುವ ಲೋಕಲ್ ಎದುರಿಗೇ ನಿಂತಿದೆ, ಮಾವ ನನ್ನ ರಟ್ಟೆ ಹಿಡಿದು ಎಳೆದು ಆಚೆ ಪ್ಲಾಟ್‌ಫಾರ್ಮಿನ ಮಾನ್‌ಖುರ್ದ್ ಗಾಡಿಗೆ ಹತ್ತಿಸಿಬಿಟ್ಟರು! ಅದು ತದ್ವಿರುದ್ಧ ದಿಕ್ಕು. ಮೊದಲ ದಿನವೇ ಆಫೀಸಿಗೆ ಲೇಟು!

"ಮಾಮಾ, ಉಲ್ಟಾ ಹೊಂಟೇವಿ!"

"ಸುಮ್ನ ಕೂಡು."

ಮಾನ್‌ಖುರ್ದ್ ಕೊನೆಯ ಸ್ಟೇಶನ್. ಅಲ್ಲಿ ಗಾಡಿ ಖಾಲಿಯಾಯಿತು, ನಾವು ಕಿಟಕಿ ಪಕ್ಕ ಆರಾಮಾಗಿ ಕೂತೆವು, ಅದೇ ಗಾಡಿ ತಿರುಗಿ ವಿ.ಟಿ.ಗೆ ಹೊರಟಿತು. ಚೆಂಬೂರಿನಲ್ಲಿ ಜನ ಬಾವಲಿಗಳ ಹಾಗೆ ಜೋತುಬಿದ್ದಾಗ ಮಾವ ನನ್ನ ಮೊಣಕಾಲು ತಟ್ಟಿ ಹೇಳಿದರು: "ತಿಳೀತ? ಈ ಊರಾಗ ಮುಂದ ಹೋಗಬೇಕಂದ್ರ ಮದಲ ಹಿಂದ ಹೋಗಬೇಕು!"

ಸೀಟಿಗಾಗಿ ಹೀಗೆ ಉಲ್ಟಾ ಹೋಗಿ ಬರುವವರು ಮುಂಬಯಿಯಲ್ಲಿ ಸಾವಿರಾರು ಮಂದಿ. ಆದರೆ ಅವರು ಅದನ್ನು ಲೋಕಲ್ಲಿಗಷ್ಟೇ ಇಟ್ಟುಕೊಂಡಿದ್ದಾರೆ. ನಮ್ಮ ಮಾವ ಇಡೀ ಸಂಸಾರಕ್ಕೇ ಹಚ್ಚಿದ್ದರು. ಪೇಪರು ಓದುವುದು ಕೊನೆಯ ಪುಟದಿಂದ. ಊಟ ಶುರುವಾಗುವುದು ಮಜ್ಜಿಗೆ ಅನ್ನದಿಂದ. ಗಣಪತಿ ಹಬ್ಬದಲ್ಲಿ ಮೊದಲು ಮಂಗಳಾರತಿ, ಆಮೇಲೆ ಪೂಜೆ! ಅತ್ತೆ ತಲೆ ಚಚ್ಚಿಕೊಂಡರೆ, "ಮಂಗಳಾರತಿ ಆದಕೂಡಲೇ ಮಂದಿ ಎದ್ದು ಹೋಗ್ತಾರ. ಈಗ ನೋಡು, ಭಕ್ತಿ ಇದ್ದವರಷ್ಟ ಉಳಕೋತಾರ" ಅನ್ನುವ ಸಮಾಧಾನ. ಉಳಿದವರು ಯಾರು ಅಂತೀರಿ? ಅತ್ತೆ, ಮಾವ ಮತ್ತು ಗಣಪತಿ.

ಇಂಥವರ ಕೈಗೆ ಒಂದು ಕಾರು ಸಿಕ್ಕಿತು! ಕಾರ್ಖಾನೆಯ ಸಾಹೇಬರೊಬ್ಬರು ಗುಜರಿಗೆ ಹಾಕಬೇಕೆಂದಿದ್ದ ಮುದಿ ಗಾಡಿ. ಅದನ್ನು ಎಂಟು ಜನ ನೂಕಿ ಕಾಲೋನಿಯ ಗುಲ್‌ಮೊಹರ್ ಮರದ ಕೆಳಗೆ ತಂದು ನಿಲ್ಲಿಸಿದಾಗ ಇಡೀ ಬಿಲ್ಡಿಂಗು ಗ್ಯಾಲರಿಗೆ ಬಂದು ನಿಂತಿತ್ತು. ಅಲ್ಲಿಂದ ಎರಡು ವರ್ಷ ಭಾನುವಾರಗಳೆಲ್ಲ ಆ ಗಾಡಿಯ ಹೊಟ್ಟೆಯ ಕೆಳಗೇ ಕಳೆದವು. ಕೆಳಗಿನಿಂದ ಮಾವನ ಎರಡು ಕಾಲು ಮಾತ್ರ ಕಾಣುತ್ತಿದ್ದವು. ಅತ್ತೆ ಚಹಾ ಕೊಡಬೇಕಾದರೆ ಕಾಲಿನ ಹೆಬ್ಬೆರಳು ಎಳೆಯುತ್ತಿದ್ದರು. ಕೊಸಂಬರಿ ಬಟ್ಟಲಲ್ಲಿ ಕಾರ್ಬ್ಯುರೇಟರ್ ನೆನೆಯುತ್ತಿತ್ತು. ಒಂದು ದಿನ ಉಪ್ಪಿನಕಾಯಿ ಭರಣಿಗೆ ಕೈ ಹಾಕಿದ ನನಗೆ ಮಾವಿನ ಹೋಳಿನ ಬದಲು ಸ್ಪಾರ್ಕ್ ಪ್ಲಗ್ ಸಿಕ್ಕಿತು!

"ಅಯ್ಯ, ಅದು ಅಲ್ಲಿ ಅದ ಏನು? ನಾ ವಾರದಿಂದ ಹುಡಕ್ಲಿಕ್ಕತ್ತೀನಿ" ಅಂದರು ಮಾವ. ತೊಳೆಯದೆ ಒರೆಸಿಕೊಂಡು ಹೋಗಿ ಗಾಡಿಗೆ ಜೋಡಿಸಿದರು. ಅದು ಆವತ್ತೇ ಮೊದಲ ಬಾರಿ ಸ್ಟಾರ್ಟ್ ಆಯಿತೆಂದು ಹೇಳಿದರೆ ನೀವು ನನ್ನನ್ನೂ ಮಾವನ ಸಾಲಿಗೆ ಸೇರಿಸುತ್ತೀರಿ.

ಈ ಗಾಡಿಯ ಹುಚ್ಚು ಸುಮ್ಮನೆ ಹತ್ತಿದ್ದಲ್ಲ. ಅತ್ತೆ ಮದುವೆಯಾಗಿ ಮುಂಬಯಿಗೆ ಬಂದಾಗ ರೈಲು ಘಾಟು ಇಳಿದದ್ದು ಕತ್ತಲಲ್ಲಿ. ಹೊಸ ಹೆಂಡತಿ ಕಿಟಕಿಗೆ ಮುಖವಿಟ್ಟು ನೋಡಿದರೆ ಬರೀ ಕಪ್ಪು. "ಹಗಲ ಹೊತ್ನ್ಯಾಗ ಒಮ್ಮೆ ತೋರಸ್ತೀನಿ" ಎಂದು ಮಾವ ಮಾತು ಕೊಟ್ಟರು. ಆಮೇಲೆ ಎಷ್ಟು ಸಲ ಊರಿಗೆ ಹೋಗಿ ಬಂದರೂ ಅದೇ ರಾತ್ರಿ ಗಾಡಿ, ಅದೇ ಕಪ್ಪು. ಹತ್ತೊಂಬತ್ತು ವರ್ಷ! ಅತ್ತೆ ಎಂದೂ ಜಗಳ ಮಾಡಿದವರಲ್ಲ. ಆದರೆ ಯಾರಾದರೂ ಪುಣೆಗೆ ಹೋಗಿ ಬಂದೆವೆಂದರೆ ಸಾಕು, "ಘಾಟಿನ್ಯಾಗ ಹಗಲಿತ್ತೇನ್ರಿ?" ಎಂದು ಕೇಳುತ್ತಿದ್ದರು.

ಅಷ್ಟರಲ್ಲಿ ಅತ್ತೆಯ ಕಣ್ಣು ಕೈಕೊಡತೊಡಗಿದವು. ಬಾಗಿಲ ಚೌಕಟ್ಟಿಗೆ ಭುಜ ಬಡಿಯುವುದು, ಪಕ್ಕದಲ್ಲಿಟ್ಟ ಲೋಟ ಉರುಳಿಸುವುದು ಶುರುವಾಯಿತು. ಡಾಕ್ಟರು ಒಂದು ಕಾಗದವನ್ನು ಸುರುಳಿ ಸುತ್ತಿ ಮಾವನ ಕಣ್ಣಿಗೆ ಹಿಡಿದು, "ನಿಮ್ಮ ಹೆಂಡತಿಗೆ ಈಗ ಇಷ್ಟೇ ಕಾಣುವುದು. ಸುರುಳಿ ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತ ಹೋಗುತ್ತದೆ. ಔಷಧ ಹಾಕೋಣ, ಆದರೆ ಹೋದದ್ದು ತಿರುಗಿ ಬರುವುದಿಲ್ಲ" ಎಂದರಂತೆ. ಅತ್ತೆಗೆ ನಲವತ್ತೂ ತುಂಬಿರಲಿಲ್ಲ.

ಮಾವ ಏನು ಮಾಡಿದರು ಗೊತ್ತೇ? ಮರುದಿನದಿಂದ ಪೇಪರನ್ನು ಸುರುಳಿ ಸುತ್ತಿ ಒಂದು ಕಣ್ಣಿಗೆ ಹಿಡಿದು, ಇನ್ನೊಂದು ಕಣ್ಣು ಮುಚ್ಚಿಕೊಂಡು ಮನೆ ತುಂಬ ಓಡಾಡತೊಡಗಿದರು! ಸುರುಳಿ ಹಿಡಿದು ಚಹಾ ಕುಡಿದರು, ಸುರುಳಿ ಹಿಡಿದು ಮೆಟ್ಟಿಲಿಳಿದರು, ಸುರುಳಿ ಹಿಡಿದು ಬಜಾರಿಗೆ ಹೋಗಿ ಬದನೆಕಾಯಿ ಆರಿಸಿದರು. ಕಾಲೋನಿಯವರು ನನ್ನ ಹತ್ತಿರ ಬಂದು ಮೆತ್ತಗೆ, "ಕಣ್ಣು ಹೋದದ್ದು ಹೆಂಡತಿಗೋ, ತಲೆ ಹೋದದ್ದು ಗಂಡನಿಗೋ?" ಎಂದು ಕೇಳಿದರು. ಸಾಲದ್ದಕ್ಕೆ, ಅತ್ತೆಯನ್ನು ಸಂಜೆ ತಿರುಗಾಡಲು ಕರೆದುಕೊಂಡು ಹೋಗುವಾಗ ಅವರ ಪಕ್ಕದಲ್ಲಿ ನಡೆಯುವುದು ಬಿಟ್ಟು, ಎದುರಿಗೆ ಬಂದು ಹಿಂದೆ ಹಿಂದೆ ಹೆಜ್ಜೆ ಹಾಕುತ್ತ ಮಾತಾಡುವ ಹೊಸ ಚಾಳಿ! ಒಂದು ಸಲ ಹಾಗೇ ಹೋಗಿ ಬಾಳೆಹಣ್ಣಿನ ಗಾಡಿಯ ಮೇಲೆ ಕೂತುಬಿಟ್ಟರು. ಉಲ್ಟಾ ರೋಗ ಈಗ ಕಾಲಿಗೂ ಇಳಿಯಿತಲ್ಲಪ್ಪ ಎಂದು ನಾನು ಗಾಬರಿಯಾದೆ.

ಗಣಪತಿ ಕಳಿಸಿದ ಮರುವಾರ ಮಾವ ರಜೆ ಹಾಕಿದರು. "ನಾಳೆ ಮುಂಜಾನೆ ಘಾಟಿಗೆ ಹೋಗೂಣು. ಆಕಿ ಕಣ್ಣಾಗ ಬೆಳಕಿರೂದ್ರೊಳಗ ನೋಡಿಬಿಡ್ಲಿ" ಅಂದರು. ಕೆಳಗಿನ ಮನೆಯ ಶೆಟ್ಟರನ್ನೂ ಕರೆದರು. ಅವರು ಉಡುಪಿ ಕಡೆಯವರು, ಸಾಂತಾಕ್ರೂಜಿನ ಹೊಟೆಲೊಂದರ ಗಲ್ಲೆಯ ಮೇಲೆ ಕೂಡುವವರು. ದಾರಿಯ ಖರ್ಚಿಗೆ ಇಡ್ಲಿ ಸಿಗುತ್ತದೆಂದು ಕರೆದದ್ದು, ಪಾಪ, ಅವರಿಗೆ ಗೊತ್ತಿರಲಿಲ್ಲ. ದೊಡ್ಡ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತರು. ಅತ್ತೆ ಮಾವನ ಪಕ್ಕ, ಮುಂದೆ. ಹಸಿರು ಇಳಕಲ್ ಸೀರೆ, ತಲೆಗೆ ಅಬ್ಬಲಿಗೆ.

ನಸುಕಿನಲ್ಲಿ ಹೊರಟು ಠಾಣೆ ದಾಟಿದೆವು, ಪನವೇಲ್ ದಾಟಿದೆವು. ಗಾಡಿ ಗುರುಗುಟ್ಟಿದರೂ ನಿಲ್ಲಲಿಲ್ಲ. ಖೋಪೋಲಿ ಬಿಟ್ಟು ಘಾಟು ಶುರುವಾಯಿತು. ಎದುರಿಗೆ ಕರಿಕಲ್ಲಿನ ಗೋಡೆ, ಅದರ ಮುಂದೆ ಈರುಳ್ಳಿ ಚೀಲ ಹೇರಿದ ಲಾರಿ, ಅದರ ಹೊಗೆ. ಕಣಿವೆ ಎಲ್ಲ ಪಕ್ಕಕ್ಕೆ, ಹಿಂದಕ್ಕೆ. ನಾನೂ ಶೆಟ್ಟರೂ ಕತ್ತು ಹೊರಳಿಸಿ, "ಓಹೋ! ಆಹಾ!" ಅನ್ನುತ್ತಿದ್ದರೆ ಅತ್ತೆ ಅತ್ತಿತ್ತ ತಲೆಯಾಡಿಸಿ, "ಎಲ್ಲಿ? ಎಲ್ಲಿ?" ಅನ್ನುತ್ತಿದ್ದರು. ಅವರು ತಿರುಗುವಷ್ಟರಲ್ಲಿ ತಿರುವು ಮುಗಿದು ಮತ್ತೆ ಕಲ್ಲಿನ ಗೋಡೆ ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಅತ್ತೆ ಕೇಳುವುದನ್ನೂ ನಿಲ್ಲಿಸಿದರು.

ನಡುಘಾಟಿನಲ್ಲಿ ಒಂದು ಸಣ್ಣ ಗುಡಿಯಿದೆ, ಆ ಬೆಟ್ಟದಲ್ಲಿ ದಾರಿ ತೋರಿಸಿದ ಕುರುಬನದು. ಲಾರಿಯವರು ಅಲ್ಲಿ ನಾಣ್ಯ ಎಸೆಯದೆ ಮುಂದೆ ಹೋಗುವುದಿಲ್ಲ. ಮಾವ ಅಲ್ಲಿ ಗಾಡಿ ನಿಲ್ಲಿಸಿ ಕಾಯಿ ಒಡೆದರು. ತಿರುಗಿ ಬಂದು ಗೇರಿನ ಕೋಲು ಎರಡು ಸಲ ಅಲ್ಲಾಡಿಸಿ ಲೊಚಗುಟ್ಟಿದರು.

"ಫಸ್ಟ್ ಗೇರು ಸೋತದ. ಇನ್ನ ಏರೂದಿಲ್ಲ."

ಅತ್ತೆಯ ಹತ್ತೊಂಬತ್ತು ವರ್ಷ ಅರ್ಧ ಘಾಟಿನಲ್ಲಿ ಮುಗಿಯಿತೇ! ಅತ್ತೆ ಮಾತ್ರ ಮೆಲ್ಲಗೆ, "ಹೋಗ್ಲಿ ಬಿಡ್ರಿ. ಇಲ್ಲೀತನಾ ಬಂದಿವಲ್ಲ" ಅಂದರು. ಆ ದನಿ ಕೇಳಿದ್ದರೆ ನೀವೂ ಗಾಡಿ ನೂಕುತ್ತಿದ್ದಿರಿ.

"ತಿರುಗಿ ಯಾಕ ಹೋಗೂದು? ರಿವರ್ಸಿನ್ಯಾಗ ಶಕ್ತಿ ಭಾಳ ಇರ್ತದ. ಉಲ್ಟಾ ಏರಸ್ತೀನಿ!"

ನಾನು ನಕ್ಕೆ. ತಮಾಷೆ ಅಂದುಕೊಂಡೆ. ಮಾವ ಗುಡಿಯ ಮುಂದಿನ ಬಯಲಲ್ಲಿ ಗಾಡಿ ತಿರುಗಿಸಿ ಅದರ ಬೆನ್ನನ್ನು ಖಂಡಾಳಾ ಕಡೆಗೆ, ಮೂತಿಯನ್ನು ಮುಂಬಯಿ ಕಡೆಗೆ ಇಟ್ಟಾಗ ನನ್ನ ನಗು ನಿಂತಿತು. ನನ್ನ ಕೈಗೆ ಕೆಂಪು ಟವೆಲ್ಲು ಬಂತು. "ನೀ ಮ್ಯಾಲ ಮ್ಯಾಲ ನಡಿ. ಎದುರಿಗೆ ಗಾಡಿ ಬಂದ್ರ ಬೀಸು. ಹಿಂದ ತಿರುಗಿ ನೋಡಬ್ಯಾಡ!"

ಶೆಟ್ಟರ ಮುಖ ಅವರ ಇಡ್ಲಿಗಿಂತ ಬೆಳ್ಳಗಾಗಿತ್ತು. "ಎಂತ ಮಾರಾಯ್ರೇ ಇದು! ನಾವು ಹೋಗುದಾ, ಬರುದಾ?"

"ಹೋಗೂದು, ಶೆಟ್ರ."

"ಹಾಗಾದ್ರೆ ನನ್ನನ್ನು ಇಲ್ಲೇ ಇಳಿಸಿ. ನಾನು ಬರುವಾಗ ಹತ್ತುತ್ತೇನೆ!"

ಇಳಿಸಲಿಲ್ಲ. ಇಡ್ಲಿ ಡಬ್ಬಿ ಅವರ ತೊಡೆಯ ಮೇಲಿತ್ತಲ್ಲ!

ಹೊರಟಿತು ಮೆರವಣಿಗೆ. ಮುಂದೆ ಕೆಂಪು ಟವೆಲ್ಲಿನ ನಾನು. ನನ್ನ ಹಿಂದೆ ಕಾರಿನ ಡಿಕ್ಕಿ. ಸೀಟಿನ ಮೇಲೆ ಹೊರಳಿ ಹಿಂದಿನ ಗಾಜಿನಿಂದ ನನ್ನನ್ನೇ ದಿಟ್ಟಿಸುವ ಮಾವನ ಮುಖ. ನಡುವೆ ಕಣ್ಣು ಮುಚ್ಚಿಕೊಂಡು ಕೃಷ್ಣ ಕೃಷ್ಣ ಅನ್ನುವ ಶೆಟ್ಟರು. ಇಳಿದು ಬರುವ ಲಾರಿಗಳಿಗೆ ನಾನು ಟವೆಲ್ಲು ಬೀಸಿದರೆ ಅವರು ನನಗೇ ಹುಚ್ಚು ಎಂದುಕೊಂಡು ಸಲಾಮು ಹೊಡೆದು ಹೋಗುತ್ತಿದ್ದರು. ಏರಿ ಬರುವವರ ಪಾಡು ಇನ್ನೂ ಘೋರ! ತಿರುವು ದಾಟಿದ ಕೂಡಲೇ ತಮ್ಮದೇ ದಾರಿಯಲ್ಲಿ ಎದುರಿಗೆ ಒಂದು ಕಾರಿನ ಮೂತಿ, ಒಳಗೆ ಅಬ್ಬಲಿಗೆ ಮುಡಿದ ಹೆಂಗಸು! ಕಿರ್ರೆಂದು ಬ್ರೇಕು ಒತ್ತಿ, ದೇವರನ್ನು ನೆನೆದು, ಬೈಯಲು ಬಾಯಿ ತೆರೆದು ನೋಡಿದರೆ, ಎದುರಿಗೆ ಬರಬೇಕಾದ ಕಾರು ದೂರ ಹೋಗುತ್ತಿದೆ! ಒಬ್ಬ ಸರ್ದಾರ್ಜಿ ಲಾರಿಯನ್ನು ಪಕ್ಕಕ್ಕೆ ತಂದು ಹೊರಗೆ ಬಾಗಿ ಕೇಳಿದ:

"ಅರೇ ಸೇಠ್, ಗಾಡಿ ಉಲ್ಟಾ ಹೈ ಯಾ ಆಪ್?"

"ದೋನೋ!" ಎಂದರು ಮಾವ, ಹೊರಳಿದ ಕತ್ತನ್ನು ಅಲುಗಿಸದೆ.

ಈ ಗದ್ದಲದ ನಡುವೆ ನನ್ನ ಬೆನ್ನ ಹಿಂದೆ, ಕಾರಿನೊಳಗಿಂದ, ಎರಡು ದನಿ ಮಾತ್ರ ಬಿಡದೆ ಕೇಳಿಬರುತ್ತಿದ್ದವು.

"ಏನ ಕಾಣಸ್ತದ? ಹೇಳು."

"ಕೆಳಗ ಹೊಲ ಅದಾವ ನೋಡ್ರಿ, ಕೌದಿ ಹಾಸಿಧಂಗ... ಅಯ್ಯ, ರೈಲು! ಇಷ್ಟಽ ಇಷ್ಟು ಅದ, ಗೊಂಬೀದು... ಅಲ್ಲಿ ಕಲ್ಲಿನ ಮ್ಯಾಲಿಂದ ನೀರ ಬೀಳ್ಲಿಕ್ಕತ್ತದ, ಬಿಳೇ ನೂಲಿನ್ಹಂಗ... ನಿಲ್ಸ್ರಿ, ಸ್ವಲ್ಪ ನಿಲ್ಸ್ರಿ!"

ಮಾವ ನಿಲ್ಲಿಸುತ್ತಿದ್ದರು. ನಾನೂ ನಿಲ್ಲುತ್ತಿದ್ದೆ. ಮತ್ತೆ ಹೊರಡುತ್ತಿದ್ದೆವು. ಒಂದೂವರೆ ಮೈಲಿಗೆ ಮುಕ್ಕಾಲು ತಾಸು.

ಮೇಲೆ ಖಂಡಾಳಾದಲ್ಲಿ ಒಬ್ಬ ಪೋಲೀಸು ಸೊಂಟದ ಮೇಲೆ ಕೈಯಿಟ್ಟು ನಮಗಾಗಿಯೇ ಕಾದಿದ್ದ. ಗಾಡಿ ಉಲ್ಟಾ ಯಾಕೆ ಓಡಿಸ್ತೀರಿ ಎಂದು ಮರಾಠಿಯಲ್ಲಿ ಗುಡುಗಿದ. ಮಾವ ಕೈ ಮುಗಿದು, "ಸಾಹೇಬ, ಸರಳಚ ಚಾಲವತೋಯ್. ಫಕ್ತ ತೋಂಡ ಮಾಗೆ ಆಹೆ" ಅಂದರು. ಅಂದರೆ, ಓಡಿಸುವುದು ನೆಟ್ಟಗೇ, ಮುಖ ಮಾತ್ರ ಹಿಂದಿದೆ! ಈ ಅಪರಾಧಕ್ಕೆ ಯಾವ ಕಲಮು ಹಚ್ಚಬೇಕೆಂದು ಅವನು ಯೋಚಿಸುತ್ತಿರುವಾಗ ಶೆಟ್ಟರು ಡಬ್ಬಿ ತೆರೆದರು. ನಾಲ್ಕನೆಯ ಇಡ್ಲಿಯ ಹೊತ್ತಿಗೆ ಅವನು ಕಲಮು ಹುಡುಕುವುದನ್ನು ಬಿಟ್ಟ.

ಮಧ್ಯಾಹ್ನ ಇಳಿಯುವಾಗ ಘಾಟಿನ ತುಂಬ ಮಂಜು. ಕೈ ಚಾಚಿದರೆ ಕೈ ಕಾಣದು. ಹೀಗಾಗಿ ಹೋಗುವಾಗ ಬೆನ್ನು ತಿರುಗಿಸಿ ನಡೆದ ನನಗೆ ಬರುವಾಗಲೂ ಕಣಿವೆ ಸಿಗಲಿಲ್ಲ. ಮಾವನ ಕತ್ತು ಎಡಕ್ಕೆ ತಿರುಗಿದ್ದು ಎಂಟು ದಿನ ನೆಟ್ಟಗಾಗಲಿಲ್ಲ. ಕಾರ್ಖಾನೆಯಲ್ಲಿ ಯಾರು ಮಾತಾಡಿಸಿದರೂ ಅವರ ಪಕ್ಕದವರನ್ನು ನೋಡಿ ಉತ್ತರ ಕೊಡುತ್ತಿದ್ದರಂತೆ. ಶೆಟ್ಟರು ಆಮೇಲೆ ಮಾವನ ಜೊತೆ ಬಸ್ಸಿಗೂ ಹತ್ತಲಿಲ್ಲ. ನಾನಂತೂ ಆಫೀಸಿನಲ್ಲಿ ಈ ಕತೆಯನ್ನು ನೂರು ಸಲ ಹೇಳಿ ನೂರು ಸಲ ನಗಿಸಿದೆ. "ಗೇರು ಸೋತದ ಅಂತ!" ಎಂದು ಮಾವನ ಹಾಗೆ ಲೊಚಗುಟ್ಟಿದರೆ ಟೈಪಿಸ್ಟರು ಮಶೀನು ನಿಲ್ಲಿಸಿ ನಗುತ್ತಿದ್ದರು.

ಐದು ವರ್ಷ ಹೋಯಿತು. ನಾನು ಮದುವೆಯಾಗಿ ಬೊರಿವಲಿಗೆ ಮನೆ ಮಾಡಿದೆ. ಅತ್ತೆಯ ಸುರುಳಿ ಸಣ್ಣದಾಗುತ್ತ ಆಗುತ್ತ ಒಂದು ದಿನ ಮುಚ್ಚಿಯೇಹೋಯಿತು. ಕಾರು ಗುಲ್‌ಮೊಹರದ ಕೆಳಗೆ ನಿಂತೇ ಇತ್ತು. ಮಾವ ಅದನ್ನು ಮಾರಿಬಿಡು ಅಂದರು. ನಾನು ಅದನ್ನು ಸಾಯನ್ನಿನ ಒಬ್ಬ ಉಸ್ತಾದನ ಗ್ಯಾರೇಜಿಗೆ ಎಳೆಸಿಕೊಂಡು ಹೋಗಿ, ಮೊದಲೇ ಪ್ರಾಮಾಣಿಕವಾಗಿ ಹೇಳಿದೆ: ಇದರ ಫಸ್ಟ್ ಗೇರು ಸತ್ತು ಐದು ವರ್ಷವಾಯಿತು.

ಉಸ್ತಾದ್ ಒಳಗೆ ಇಳಿದು, ಬಿಚ್ಚಿ ನೋಡಿ, ಗ್ರೀಸು ಹತ್ತಿದ ಮುಖ ಹೊರಗೆ ಹಾಕಿದ.

"ಕೌನ್ ಬೋಲಾ? ಫಸ್ಟ್ ಗೇರ್ ತೋ ಮಖ್ಖನ್ ಹೈ! ಕಭೀ ಬಿಗಡಾ ಹೀ ನಹೀಂ. ಲೇಕಿನ್ ಬ್ರೇಕ್ ಕಹಾಂ ಹೈ?"

ನಿಂತಲ್ಲೇ ಬೆವತುಬಿಟ್ಟೆ. ಬ್ರೇಕೇ ಇಲ್ಲವೆಂಬ ಮಾತಿಗಲ್ಲ, ಅದಕ್ಕೂ ಬೆವರಬೇಕಾಗಿತ್ತು, ಆದರೆ ಅದು ನನ್ನ ತಲೆಗೆ ಹೋದದ್ದು ಮರುದಿನ. ಗೇರು ಕೆಟ್ಟೇ ಇರಲಿಲ್ಲ! ಹಾಗಾದರೆ ನಮ್ಮನ್ನೆಲ್ಲ ಯಮನ ಬಾಗಿಲ ತನಕ ಉಲ್ಟಾ ಒಯ್ದದ್ದು ಬರೀ ಹುಚ್ಚಿಗೇ? ಸಿಟ್ಟು ನೆತ್ತಿಗೇರಿತು. ನೆಟ್ಟಗೆ ಚೆಂಬೂರಿಗೆ ಹೋದೆ. ಮಾವ ಅಡಿಗೆಮನೆಯಲ್ಲಿ ಚಹಾ ಸೋಸುತ್ತಿದ್ದರು.

"ಮಾಮಾ, ಫಸ್ಟ್ ಗೇರು ಗಟ್ಟಿ ಇತ್ತಂತ!"

"ಶ್! ಸಣ್ಣಗ ಮಾತಾಡು. ಆಕಿಗೆ ಕೇಳಸ್ತದ."

"ಕೇಳಸ್ಲಿ! ನಮ್ಮ ಜೀವದ ಜೋಡಿ ಆಟಾ ಆಡಿದ್ರೇನು?"

ಮಾವ ಸೋಸುವುದನ್ನು ನಿಲ್ಲಿಸಿದರು. "ಒಂದ ವಾರ ಮದಲ ಲಾರಿಯೊಳಗ ಕೂತು ಹೋಗಿ ನೋಡಿ ಬಂದಿದ್ನೆಪಾ. ಪೇಪರ್ ಸುರುಳಿ ಕಣ್ಣಿಗೆ ಹಚಗೊಂಡು. ಬಾಜೂದ್ದು ಆಕಿಗೆ ಕಾಣೂದಿಲ್ಲ, ಎದುರಿಗಿಂದಷ್ಟ. ಏರಬೇಕಾದ್ರ ಎದುರಿಗೆ ಏನಿತ್ತು ಹೇಳು? ಕಲ್ಲು, ಇಲ್ಲಾ ಲಾರಿ ಕುಂಡಿ. ಹಿಂದ ತಿರುಗಿ ನೋಡಿದೆ, ಎಲ್ಲಾ ಅಲ್ಲೇ ಇತ್ತು! ಹತ್ತೊಂಬತ್ತು ವರ್ಷ ಕಾದಾಕಿಗೆ ಲಾರಿ ಕುಂಡಿ ತೋರಸಲ್ಯಾ?"

"ಇಳಿಬೇಕಾದ್ರ ಎದುರಿಗೇ ಬರ್ತಿತ್ತಲ್ಲ?" ಎಂದೆ.

"ಮಂಜ ಬಂದದ್ದು ನೀನಽ ನೋಡಿದ್ಯಲಾ. ಆಕಿ ಕಣ್ಣಿನಾಂಗ ಆ ಮುಗಿಲನ್ನೂ ನಂಬೂಹಂಗ ಇದ್ದಿದ್ದಿಲ್ಲ."

"ಮತ್ತ ಗೇರು ಕೆಟ್ಟದ ಅಂತ ಸುಳ್ಳ ಯಾಕ?"

"ಆಕಿ ಕಣ್ಣಿನ ಸಲುವಾಗಿ ಅಂದಿದ್ರ ಆಕಿ ಅಳ್ತಿದ್ಲು. ಅತ್ರ ಕಣ್ಣ ಮಂಜ ಆಗ್ತಾವ."

ಐದು ವರ್ಷ ಆಫೀಸಿನಲ್ಲಿ ಲೊಚಗುಟ್ಟಿ ಲೊಚಗುಟ್ಟಿ ನಗಿಸಿದ ನನ್ನ ನಾಲಿಗೆಯ ಮೇಲೆ ನನಗೇ ನಾಚಿಕೆಯಾಯಿತು. ಆ ಸುರುಳಿ, ಆ ಹಿಂದೆ ಹಿಂದೆ ನಡೆಯುವುದು, ಬಾಳೆಹಣ್ಣಿನ ಗಾಡಿ! ನನಗೆ ಎರಡು ಕಣ್ಣೂ ಸರಿಯಿದ್ದವು, ಒಂದೂ ಕಂಡಿರಲಿಲ್ಲ.

"ಹಂಗಾರ ನೀವು ಕಣಿವಿ ನೋಡ್ಲೇ ಇಲ್ಲ. ಏರಬೇಕಾದ್ರೆಲ್ಲಾ ನನ್ನ ಕೆಂಪು ಟವೆಲ್ಲ ನೋಡಿದ್ರಿ."

"ಯಾಕ, ದಿನಾ ನೋಡ್ತೀನಲಾ. ಬಾ."

ಮೂರು ಕಪ್ಪು ಹಿಡಿದು ಗ್ಯಾಲರಿಗೆ ಬಂದೆವು. ಅತ್ತೆ ಕುರ್ಚಿಯ ಮೇಲೆ ಕೂತು ಎದುರು ಬಿಲ್ಡಿಂಗಿನ ಗೋಡೆಗೆ ಮುಖ ಮಾಡಿದ್ದರು. ಗೋಡೆಯ ತುಂಬ ನೀರಿನ ಪೈಪುಗಳು, ಒಣಗಹಾಕಿದ ಬನಿಯನ್ನುಗಳು. ಮಾವ ಅವರ ಎರಡೂ ಕೈಗೆ ಕಪ್ಪು ಹಿಡಿಸಿ, ಪಕ್ಕದ ಸ್ಟೂಲಿನ ಮೇಲೆ ಕೂತರು.

"ಏನ ಕಾಣಸ್ತದ? ಹೇಳು."

ಅತ್ತೆ ಒಂದು ಗುಟುಕು ಚಹಾ ಕುಡಿದು ಶುರು ಮಾಡಿದರು. "ಕೆಳಗ ಹೊಲ ಅದಾವ ನೋಡ್ರಿ, ಕೌದಿ ಹಾಸಿಧಂಗ..."

ಮಾವ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ನಾನೂ ಮುಚ್ಚಿಕೊಂಡೆ.